ಟೈಲರಮ್ಮನ ಮನೆಯ ಫೋನು

ಗೋಧಿ ತುಂಬಿದ ಹಡಗು ಚಳಿಗಾಲದ ಬಿರುಗಾಳಿಗೆ ಸಿಕ್ಕಿ ಬಂದರಿನ ಬಾಯಲ್ಲೇ ಮುಳುಗಿತು. ಬೆಳಕು ಹರಿಯುವ ಹೊತ್ತಿಗೆ ದಡ ಸೇರಿದವರನ್ನು ಹತ್ತಿರದ ಬೀದಿಯವರು ತಮ್ಮ ತಮ್ಮ ಮನೆಗೆ ಕರೆದೊಯ್ದರು. ಕ್ಯಾಪ್ಟನ್ ಬಂದದ್ದು ಟೈಲರಮ್ಮನ ಮನೆಗೆ. ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಯ ತುಂಬ ತೋಳಿಲ್ಲದ ಕೋಟುಗಳು. ಆಕೆ ಯಾರೋ ಗಿರಾಕಿಯ ಹೊಸ ಬಟ್ಟೆಯನ್ನೇ ಅವನ ಕೈಗಿತ್ತಳು. ಅವನು ಉಟ್ಟು ಬಂದಾಗ ಕಂಬಳಿಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಆಡಿಸಿ ಹೊದಿಸಿದಳು. ಗಿರಾಕಿ ಬಂದು ಕೇಳಿದರೆ ಅಳತೆ ತಪ್ಪಿತು ಎಂದು ಸಾಗಹಾಕುತ್ತೇನೆ ಎಂದಳು. ಕ್ಯಾಪ್ಟನ್ ನಗಲಿಲ್ಲ. ಅವನ ಕಣ್ಣು ಯಂತ್ರದ ಪಕ್ಕದಲ್ಲಿದ್ದ ಫೋನಿನ ಮೇಲಿತ್ತು.

ಹಡಗಿನವರೆಲ್ಲ ಬದುಕಿದ್ದರು, ಇಂಜಿನಿಯರ್ ಒಬ್ಬನನ್ನು ಬಿಟ್ಟು. ಕೊನೆಯ ದೋಣಿ ಇಳಿಯುವ ತನಕ ನೀರೆತ್ತುವ ಪಂಪು ನಡೆಸಿ, ಆಮೇಲೆ ಅವನು ಕಡಲಿಗೆ ಹಾರಿದ್ದ. ದೋಣಿಗೆ ಎಳೆದುಕೊಂಡಾಗ ಉಸಿರಿರಲಿಲ್ಲ. ಅವನ ಮನೆಯವರಿಗೆ ನಾವೇ ತಿಳಿಸುತ್ತೇವೆ, ಆಫೀಸು ತೆರೆಯಲಿ ಎಂದಿದ್ದರು ಕಂಪನಿಯವರು. ಅಷ್ಟರಲ್ಲಿ ರೇಡಿಯೋದಲ್ಲಿ ಬಂದುಬಿಡುತ್ತದೆ ಎಂದು ಕ್ಯಾಪ್ಟನ್‌ಗೆ ಗೊತ್ತಿತ್ತು.

ರಿಸೀವರ್ ಎತ್ತಿದ, ಇಟ್ಟ. ಮತ್ತೆ ಎತ್ತಿದ, ಮತ್ತೆ ಇಟ್ಟ. ಇಂಜಿನಿಯರ್ ಸತ್ತದ್ದನ್ನು ಅವನ ಹೆಂಡತಿಗೆ ಹೇಳಲು ಎಲ್ಲಿಂದ ಶುರು ಮಾಡಲಿ ಎಂದು ತೋಚುತ್ತಿಲ್ಲ, ಮೊದಲು ಗಾಳಿಯ ವಿಷಯ ಹೇಳಿ, ಆಮೇಲೆ ಮೆಲ್ಲಗೆ... ಎಂದ.

ಟೈಲರಮ್ಮ ಸ್ಟೂಲು ಎಳೆದುಕೊಂಡು ಎದುರು ಕೂತಳು. ಮಕ್ಕಳು ಚಿಕ್ಕವರಿದ್ದಾಗ ತನ್ನ ಗಂಡನನ್ನೂ ನುಂಗಿದ್ದು ಇದೇ ಕಡಲು ಎಂದಳು. ಸುದ್ದಿ ತಂದವನು ಒಳ್ಳೆಯವನೇ, ಆದರೆ ಸುತ್ತಿ ಬಳಸಿ ಮಾತಾಡಿದ. ಗಂಡನಿಗೆ ಪೆಟ್ಟಾಗಿದೆಯಷ್ಟೇ ಎಂದುಕೊಂಡು ಆಕೆ ಆಸ್ಪತ್ರೆಗೆ ಒಯ್ಯಲು ಅವನ ಬಟ್ಟೆ ಮಡಿಸುತ್ತಾ ಕೂತಿದ್ದಳಂತೆ.

"ಆ ಬಟ್ಟೆ ಮಡಿಸಿದ್ದು ಇವತ್ತಿಗೂ ಮನಸ್ಸಿಂದ ಹೋಗಿಲ್ಲ. ಗಾಳಿ ಗೀಳಿ ಎಲ್ಲಾ ಆಮೇಲೆ ಹೇಳಿ. ಮೊದಲು ಅವರು ಇಲ್ಲ ಅನ್ನಿ. ಧೈರ್ಯ ತಗೋ ಅಂತ ಮಾತ್ರ ಅನ್ಬೇಡಿ."

ಕ್ಯಾಪ್ಟನ್ ಫೋನು ಮಾಡಿದ. ತನ್ನ ಹೆಸರು ಹೇಳಿದ ಉಸಿರಿನಲ್ಲೇ, "ನಿಮ್ಮ ಯಜಮಾನ್ರು ತೀರಿಕೊಂಡ್ರು, ತಾಯಿ" ಅಂದ. ಆ ಕಡೆ ನಲ್ಲಿಯಿಂದ ನೀರು ಬೀಳುತ್ತಿದ್ದ ಸದ್ದು ಸ್ವಲ್ಪ ಹೊತ್ತಿಗೆ ನಿಂತಿತು. ಆಮೇಲೆ ಆಕೆ ಒಂದೊಂದಾಗಿ ಕೇಳತೊಡಗಿದಳು, ಅವನು ಏನನ್ನೂ ಮುಚ್ಚಿಡದೆ ಹೇಳಿದ. ಎಲ್ಲಿಂದ ಮಾತಾಡುತ್ತಿದ್ದೀರಿ ಎಂದಾಗ, ಯಾರ ಮನೆ, ಮಕ್ಕಳು ಚಿಕ್ಕವರಿದ್ದಾಗ ಆಕೆಯ ಗಂಡನಿಗೆ ಏನಾಯಿತು ಎಂಬುದನ್ನೂ ಹೇಳಿದ. ಒಂದು ಕ್ಷಣ ಕಿವಿಗೊಟ್ಟವನು ರಿಸೀವರನ್ನು ಟೈಲರಮ್ಮನ ಕಡೆ ಚಾಚಿದ.

"ನಿಮ್ಮ ಹತ್ರ ಮಾತಾಡ್ಬೇಕಂತೆ."

ಟೈಲರಮ್ಮ ಇದನ್ನು ನಿರೀಕ್ಷಿಸಿರಲಿಲ್ಲ. ಎದ್ದು ನಿಂತೇ ಕಿವಿಗೆ ಹಿಡಿದಳು. ಅತ್ತಲಿಂದ ಒಂದು ಸಣ್ಣ ದನಿ: "ಅಕ್ಕಾ, ಮಕ್ಕಳಿಗೆ ನೀವು ಹೇಗೆ ಹೇಳಿದ್ರಿ?"

ಟೈಲರಮ್ಮ ಕಿಟಕಿಯ ಹೊರಗೆ ನೋಡಿದಳು. ಕಡಲು ಶಾಂತವಾಗಿತ್ತು, ಗೋಧಿಯ ಬಣ್ಣಕ್ಕೆ ತಿರುಗಿತ್ತು.

"ಎದ್ದಿದಾರಾ?"

"ಇನ್ನೂ ಇಲ್ಲ. ಇಬ್ಬರೂ ಮಲಗಿದಾರೆ."

"ಎಬ್ಬಿಸಬೇಡ ತಂಗಿ," ಎಂದಳು ಟೈಲರಮ್ಮ. "ಏಳೋ ತನಕ ಅವರಿಗೆ ಅಪ್ಪ ಇರಲಿ."