ಥಾರ್ನ್‌ಬಿ ಮನೆತನದ ಗುಂಡಿ

ಮದುಮಗಳು ಕಾಜಲ್ ತವರಿನ ಅಂಗಳ ದಾಟಬೇಕು, ಅಷ್ಟರಲ್ಲಿ ಇಂಗ್ಲೆಂಡಿನ ಹ್ಯಾರಿಯೆಟ್ ಅವಳ ಓಢಣಿಯ ಅಂಚನ್ನು ಗಬಕ್ಕನೆ ಹಿಡಿದುಬಿಟ್ಟಳು. ಹಲಗೆಯ ಸದ್ದು ನಿಂತಿತು. ಹುಡುಗಿಯ ಕೊರಳು ತಬ್ಬಿ ರಾಗವಾಗಿ ಅಳುತ್ತಿದ್ದ ಲಂಬಾಣಿ ತಾಂಡಾದ ಹೆಂಗಸರು ಅಳುವನ್ನು ಅರ್ಧಕ್ಕೇ ಬಿಟ್ಟು ನೋಡತೊಡಗಿದರು.

“ಇದು ನಮ್ಮದು!” ಎಂದಳು ಹ್ಯಾರಿಯೆಟ್ ತನ್ನ ಇಂಗ್ಲಿಷಿನಲ್ಲಿ. ಕನ್ನಡಿ ಚೂರು, ಕವಡೆಗಳ ನಡುವೆ ಹೊಲಿದಿದ್ದ ಒಂದು ಹಿತ್ತಾಳೆ ಗುಂಡಿಯ ಮೇಲೆ ಅವಳ ಬೆರಳಿತ್ತು. ಗುಂಡಿಯ ಮೇಲೆ ಕೊಂಬಿನ ಜಿಂಕೆ, ಸುತ್ತ ಮುಳ್ಳಿನ ಬಳ್ಳಿ. ಅದು ಥಾರ್ನ್‌ಬಿ ಲಾರ್ಡುಗಳ ಮನೆತನದ ಮುದ್ರೆ, ಹ್ಯಾರಿಯೆಟ್ ಆ ಮನೆಯ ಮಗಳು.

ದಾಂಡೇಲಿಯ ಜೀಪ್ ಡ್ರೈವರ್ ಆರೀಫನಿಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಎನ್ನುವಂತಾಯಿತು. ವಂಶದ ಚರಿತ್ರೆ ಬರೆಯುತ್ತೇನೆಂದು ಬಂದ ಈಕೆಯನ್ನು ಕುಳಗಿಯ ಕಾಡೆಲ್ಲ ಸುತ್ತಿಸಿದವನು ಅವನೇ. ಅವಳ ಹಿರಿಯರು ಕಟ್ಟಿಸಿದ ಬಂಗಲೆಯೆಂದು ಸಿಕ್ಕಿದ್ದು ಪಾಚಿ ಹಿಡಿದ ಒಂದಿಷ್ಟು ಕಲ್ಲು. ಪಾಪ, ಮುಖ ಸಪ್ಪಗೆ ಮಾಡಿಕೊಂಡಿದ್ದಾಳೆ, ಗೆಳೆಯ ದೇವರಾಜನ ಮಗಳ ಮದುವೆ ಊಟವನ್ನಾದರೂ ಉಣ್ಣಲಿ ಎಂದು ಹಳಿಯಾಳದ ಹತ್ತಿರದ ಈ ತಾಂಡಾಕ್ಕೆ ಕರೆತಂದಿದ್ದ. ಊಟವೇನೋ ಚೆನ್ನಾಗಿಯೇ ಉಂಡಿದ್ದಳು.

“ಏನಂತಾಳೋ ಆಕಿ?” ಮದುಮಗಳ ಅಜ್ಜಿ ಚಂಪಾಬಾಯಿ ಕೇಳಿದಳು.

“ಭಾಳ ಛಲೋ ಐತಿ ಅಂತಾಳ, ಆಯಿ.”

“ಛಲೋ ಐತಿ ಅನ್ನಾಕ ಹಿಂಗ ಹಿಡದು ಜಗ್ಗತಾರೇನು? ಖರೇ ಹೇಳು.”

ಆರೀಫ ತಲೆ ಕೆರೆಯುತ್ತ ಖರೇ ಹೇಳಿದ. ಚಂಪಾಬಾಯಿಯ ಕೈ ತಾನಾಗಿ ಓಢಣಿಗೆ ಹೋಯಿತು. ಮನೆಯ ಹೆಣ್ಣು ಅಂಗಳ ದಾಟುವ ಮುಂಚೆ ಅದರಿಂದ ಒಂದು ಗುಂಡಿ ಬಿಡಿಸಿ ಅವಳ ಕುಪ್ಪಸಕ್ಕೆ ಹೊಲಿದು ಕಳಿಸುವುದು ಅವರ ಪದ್ಧತಿ. ಓಢಣಿ ಮಾತ್ರ ಮುಂದಿನ ಮದುಮಗಳಿಗೆಂದು ಮನೆಯಲ್ಲೇ ಉಳಿಯುತ್ತದೆ. ಸೂಜಿ ದಾರ ಹಿಡಿದು ಮುದುಕಿ ಅದಕ್ಕೇ ಕಾದಿದ್ದಳು.

“ನನ್ನ ಮಗಳ ಗುಂಡಿ ಮುಂಡಗೋಡದಾಗ ಐತಿ, ನಾದಿನಿದು ರಾಮನಗರದಾಗ. ಉಳದಿದ್ದು ಎರಡ. ಒಂದು ಈ ಕೂಸಿಂದು, ಇನ್ನೊಂದು ಮುಂದ ಇದರ ಮಗಳದು. ಲಾಟ್ ಸಾಯೇಬನ ಬಂದ್ರೂ ಕೊಡಂಗಿಲ್ಲ ಅಂತ ಹೇಳು ಆಕಿಗೆ!”

ಮಾತು ತಿಳಿಯುತ್ತಲೇ ಹ್ಯಾರಿಯೆಟ್ ಅಂಚು ಬಿಟ್ಟು ಕೆಂಪಾದಳು. ತನಗೆ ಗುಂಡಿ ಬೇಡ, ಇಲ್ಲಿಗೆ ಹೇಗೆ ಬಂತು ಅಂತ ತಿಳಿದರೆ ಸಾಕು ಎಂದಳು. ಫೋನಿನಲ್ಲಿ ಒಂದು ಹಳೆಯ ಚಿತ್ರ ತೆಗೆದು ತೋರಿಸಿದಳು. ಮೀಸೆಯ ದೊರೆಯೊಬ್ಬ ಎದೆಯ ಮೇಲೆ ಕೈಯಿಟ್ಟು ನಿಂತಿದ್ದ. “ಇವರೇ ನಮ್ಮ ಹಿರಿಯರು. ಈ ಕಾಡಿನಲ್ಲಿ ಕಾಡುಕೋಣಕ್ಕೆ ಎದುರಾಗಿ, ಎದೆಯ ಮೇಲೆ ಕೈಯಿಟ್ಟು ‘ನಾನು ಥಾರ್ನ್‌ಬಿ’ ಅಂದರಂತೆ. ಕೋಣ ಹಿಂದೆ ಸರಿಯಿತಂತೆ. ಆ ವಾರವೇ ಬರೆಸಿದ ಚಿತ್ರ ಇದು. ಅಂದಿನಿಂದ ನಾವೆಲ್ಲ ಹೀಗೇ ನಿಲ್ಲುತ್ತೇವೆ. ನಮ್ಮಜ್ಜ ಪಾರ್ಲಿಮೆಂಟಿನಲ್ಲೂ ಹೀಗೇ ನಿಲ್ಲುತ್ತಿದ್ದರು.” ಹೇಳುತ್ತ ಹೇಳುತ್ತ ಅವಳ ಕೈಯೂ ಎದೆಗೇರಿತು.

ಅಯ್ಯೋ, ಇದಾ ಸಂಗತಿ ಎಂದುಕೊಂಡ ಆರೀಫ. ಅವಳಿಗೆ ಎದೆಯುರಿ ಇದೆಯೆಂದು ತಿಳಿದು ದಿನವೂ ಸೋಡಾ ಕುಡಿಸಿದ್ದ.

ಅವನು ಕನ್ನಡದಲ್ಲಿ ಹೇಳಿದ್ದನ್ನು ಕೇಳುತ್ತ ಚಂಪಾಬಾಯಿ ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದಳು, ದೂರ ಹಿಡಿದು ನೋಡಿದಳು. ಆಮೇಲೆ ಅವಳ ಭುಜ ಕುಲುಕಾಡಿತು, ಕೈತುಂಬಿದ ಬಳೆಗಳು ಸದ್ದು ಮಾಡಿದವು.

“ಕ್ವಾಣ ಎಲ್ಲಿ ಸರೀತೋ ಆರೀಫಾ! ಈ ಸಾಯೇಬ ಗಿಡಾ ಏರಿ ಕುಂತಿದ್ದ, ಕೆಳಗ ಕ್ವಾಣ ಕಾಯ್ಕೊಂತ ನಿಂತಿತ್ತು. ನಮ್ಮ ಹಿರ್ಯಾರು ಎತ್ತಿನ ಮ್ಯಾಲೆ ಉಪ್ಪು ಹೇರಿಕೊಂಡು ಆ ದಾರೀಲೆ ಬಂದ್ರು. ಅಷ್ಟೂ ಎತ್ತಿನ ಗಂಟಿ ಸಪ್ಪಳಾ ಕೇಳಿ ಅದು ಓಡಿತು. ಮುತ್ತಜ್ಜಿ ಇವನ್ನ ಇಳಿಸಿ ರೊಟ್ಟಿ ತಿನಿಸಿದಳು. ಏನ ಬೇಕು ಕೇಳು ಅಂದ. ಆಕಿ ಬಂಗಾರ ಅಂತ ತಿಳದು ಅಂಗಿ ಗುಂಡಿ ತೋರಿಸಿದಳು. ಮನಷ್ಯಾ ದೊಡ್ಡಾಂವ ನೋಡು, ಒಂದೂ ಇಟ್ಕೊಳ್ಳದ ಅಷ್ಟೂ ಕಿತ್ತು ಕೊಟ್ಟ!”

ಆರೀಫ ನಗು ತಡೆಯುತ್ತ, ತಡೆಯಲಾರದೆ ಬಿಡುತ್ತ ಅದನ್ನು ಇಂಗ್ಲಿಷಿಗೆ ತಂದ. ಹ್ಯಾರಿಯೆಟ್ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿದಳು. ಕೋಟಿನ ಮೇಲಿಂದ ಕೆಳಗಿನವರೆಗೆ ಒಂದು ಗುಂಡಿಯೂ ಇರಲಿಲ್ಲ. ದೊರೆಯ ಕೈ ಕೋಟಿನ ಎರಡೂ ಕಡೆಯನ್ನು ಸೇರಿಸಿ ಗಟ್ಟಿಯಾಗಿ ಹಿಡಿದಿತ್ತು.

ಅವಳು ಅಲ್ಲೇ ಅಂಗಳದಲ್ಲಿ ಕುಕ್ಕರಿಸಿ ಹೊಟ್ಟೆ ಹಿಡಿದು ನಕ್ಕಳು. ಅವಳನ್ನು ನೋಡಿ ತಾಂಡಾವೆಲ್ಲ ನಕ್ಕಿತು. ಕಣ್ಣ ಕಾಡಿಗೆ ಇಳಿದ ಕೆನ್ನೆಯಲ್ಲಿ ಕಾಜಲಳೂ ನಕ್ಕಳು. “ಅಳಬೇಕವ್ವಾ, ಹೋಗೂ ಮುಂದ ನಗಬಾರದು” ಎಂದು ತಿವಿದ ಚಿಕ್ಕಮ್ಮನಿಗೂ ನಗು ನಿಲ್ಲಲಿಲ್ಲ. ಅಂಥ ಸುಖದ ಬೀಳ್ಕೊಡುಗೆಯನ್ನು ಆ ತಾಂಡಾ ಕಂಡಿರಲಿಲ್ಲ.

ಚಂಪಾಬಾಯಿ ಒಂದು ಗುಂಡಿಯನ್ನು ಕಾಜಲಳ ಕುಪ್ಪಸಕ್ಕೆ ಹೊಲಿದಳು. ಓಢಣಿಯಲ್ಲಿ ಉಳಿದ ಕೊನೆಯದನ್ನು ಹೆಬ್ಬೆರಳಿನಿಂದ ಸವರುತ್ತ ನಿಂತಳು. ನಾಳೆ ಹುಟ್ಟಲಿರುವ ಒಂದು ಮಗುವಿನ ಪಾಲು ಅದು. ಮುದುಕಿ ಒಮ್ಮೆ ಅದನ್ನು, ಒಮ್ಮೆ ಹ್ಯಾರಿಯೆಟ್‌ಳನ್ನು ನೋಡಿದಳು.

“ಆಕಿಗೆ ಕೊಡು ಆಯಿ. ನನ್ನ ಮಗಳಿಗೆ ನನ್ನದ ಕೊಡ್ತೇನಿ” ಎಂದಳು ಕಾಜಲ್.

“ಖರೇ ಐತಿ. ಈಕಿನೂ ನಮ್ಮ ಅಂಗಳದಿಂದ ಹೊಂಟ ಹೆಣ್ಣ ಅಲ್ಲೇನು!” ಮುದುಕಿ ಹಲ್ಲಿನಿಂದ ದಾರ ಕತ್ತರಿಸಿ, ಹ್ಯಾರಿಯೆಟ್‌ಳನ್ನು ಹತ್ತಿರ ಎಳೆದು, ಅವಳ ಖಾಕಿ ಅಂಗಿಯ ಎದೆಗೆ ಗುಂಡಿ ಹೊಲಿದಳು. ಹ್ಯಾರಿಯೆಟ್ ಉಸಿರು ಬಿಗಿಹಿಡಿದು ನಿಂತಳು. ಕಣ್ಣು ತುಂಬಿದ್ದವು.

ಆರೀಫ ಫೋಟೊ ತೆಗೆಯಲು ನಿಂತ. ಮದುಮಗಳ ಪಕ್ಕದಲ್ಲಿ ನೆಟ್ಟಗಾದ ಹ್ಯಾರಿಯೆಟ್‌ಳ ಕೈ ಹಳೇ ಚಾಳಿಯಂತೆ ಎದೆಗೇರಿ ಗುಂಡಿಯನ್ನು ಮುಚ್ಚಿತು. ಚಂಪಾಬಾಯಿ ಆ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

“ಇನ್ನರೆ ಕೈ ಬಿಡು ಮಗಳ. ಗುಂಡಿ ಹಚ್ಚೇನಿ.”