ಕೆಸೀಲ್ ಅಂದರೆ ಯಾರು?

ಹೊಸಕೋಟೆಯ ಪೇಟೆಬೀದಿಯಲ್ಲಿ ಬೆಳಿಗ್ಗೆ ಮತ್ತೆ ಇಲಿ ಬಿದ್ದಿತ್ತು. ಪ್ಲೇಗಿಗೆ ಹೆದರಿ ಅರ್ಧ ಊರು ಆಗಲೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ರುಕ್ಮಿಣಮ್ಮನೂ ಪಾತ್ರೆ ಪಡಗ, ಯುದ್ಧದ ರೇಷನ್ನಿನ ಒಂದಿಷ್ಟು ರಾಗಿ ಎಲ್ಲವನ್ನೂ ಹಬೀಬುಲ್ಲಾನ ಗಾಡಿಗೆ ಹೇರಿಸಿ, ಕೂಸನ್ನು ಸೊಂಟಕ್ಕೇರಿಸಿಕೊಂಡು ಪಾದ್ರಿಯ ಬಂಗಲೆಗೆ ಬಂದರೆ, ಗಂಡ ಪಾಪಯ್ಯ ಇನ್ನೂ ಮೇಜಿಗೆ ಅಂಟಿಕೊಂಡು ಕೂತಿದ್ದ.

ಪಾಪಯ್ಯ ಪಾದ್ರಿಯ ಕನ್ನಡ ಮುನ್ಷಿ. ಯಾವುದೋ ಹಳೆಯ ಹೀಬ್ರೂ ನೀತಿಗ್ರಂಥವನ್ನು ಇಬ್ಬರೂ ಸೇರಿ ಕನ್ನಡಕ್ಕೆ ತರುತ್ತಿದ್ದರು. ಈಗ ಕೆಸೀಲ್ ಅನ್ನುವ ಒಂದು ಪದ ಗಂಟಲಿಗೆ ಸಿಕ್ಕ ಮುಳ್ಳಾಗಿತ್ತು. ಪಾಪಯ್ಯ ದಡ್ಡ ಅಂದ, ಪೆದ್ದ ಅಂದ, ಮೂಢ ಅಂದ. ಪಾದ್ರಿ ಒಂದನ್ನೂ ಒಪ್ಪಲಿಲ್ಲ. ಪದ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಹೆಂಡತಿ ಮಗುವಿನೊಂದಿಗೆ ಊರು ಬಿಡಿ ಎಂದು ಬೆಳಗಿನಿಂದ ಹೇಳುತ್ತಲೇ ಇದ್ದರು. ಆದರೆ ಒಂದು ಪದಕ್ಕೆ ಸೋತು ಎದ್ದುಹೋಗುವ ಆಸಾಮಿಯೇ ಪಾಪಯ್ಯ?

"ಏನೂಂದ್ರೆ, ನಮ್ಮ ಅಟ್ಟದಲ್ಲೂ ಒಂದು ಬಿದ್ದಿದೆ. ಮಗೂಗೆ ಮೈ ಕಾದ ಮೇಲೆ ಏಳ್ತೀರಾ?"

"ಇನ್ನೊಂದು ಗಳಿಗೆ ಕಣೇ. ಪ್ಲೇಗು ನನ್ನನ್ನೇ ಹುಡುಕ್ಕೊಂಡು ಬರುತ್ತಾ?"

ರುಕ್ಮಿಣಮ್ಮನಿಗೆ ರೇಗಿಹೋಯಿತು. ಹಿಂದಿನ ಸಲ ಇಲಿ ಬಿದ್ದಾಗ ಇವನ ಅಣ್ಣ ಬೈರಣ್ಣನೂ ಹೀಗೇ ಇನ್ನೊಂದು ಗಳಿಗೆ ಅನ್ನುತ್ತ ಮನೆಯಲ್ಲೇ ಉಳಿದಿದ್ದ. ಅವನ ಹೆಣ ಹೊರಲು ಜನ ಸಿಕ್ಕಿರಲಿಲ್ಲ. ಅದನ್ನೂ ಪಾದ್ರಿಯೆದುರೇ ಹೇಳಿಬಿಟ್ಟಳು. ಪಾಪಯ್ಯ ಹೌದೌದು ಎಂದು ತಲೆಯಾಡಿಸಿ ನಿಘಂಟಿನ ಹಾಳೆ ತಿರುವಿದ. ಹೊತ್ತು ಮುಳುಗುವುದರೊಳಗೆ ನಂದಗುಡಿ ಸೇರಬೇಕೆಂದು ಹೊರಗೆ ಹಬೀಬುಲ್ಲಾ ಅವಸರ ಮಾಡುತ್ತಿದ್ದ.

ಪಾದ್ರಿ ಲೇಖನಿ ಕೆಳಗಿಟ್ಟರು. ಅವರಿಗೂ ಸಾಕುಸಾಕಾಗಿತ್ತು.

"ಪಾಪಯ್ಯನವರೇ, ಕೆಸೀಲ್ ಬುದ್ಧಿಯಿಲ್ಲದವನಲ್ಲ. ಬುದ್ಧಿ ಇದೆ, ಅದರ ಮೇಲೆ ಅತಿಯಾದ ಭರವಸೆಯೂ ಇದೆ. ತನ್ನವರು ಹೇಳಿದ್ದು ಅವನ ಕಿವಿಗೆ ಬೀಳುತ್ತದೆ. ಆದರೂ ಹಿಡಿದದ್ದನ್ನು ಬಿಡುವುದಿಲ್ಲ. ಅಂಥವನಿಗೆ ನಿಮ್ಮ ಊರಿನಲ್ಲಿ ಏನನ್ನುತ್ತಾರೆ?"

ಈಗಲಾದರೂ ನಾಟೀತೇ ಎಂದು ರುಕ್ಮಿಣಮ್ಮ ಗಂಡನ ಮುಖವನ್ನೇ ನೋಡಿದಳು. ಪಾಪಯ್ಯ ಬಹಳ ಹೊತ್ತು ಸೂರು ನೋಡುತ್ತ ಯೋಚಿಸಿದ.

"ಅಂಥೋರು ನಮ್ಮೂರಲ್ಲಿ ಇಲ್ಲ ಸ್ವಾಮಿ," ಎಂದ. "ಅದಕ್ಕೇ ಪದ ಸಿಗ್ತಿಲ್ಲ."

ರುಕ್ಮಿಣಮ್ಮ ಹೊರಗೆ ಹೋದಳು. ಗಂಡನ ಹಾಸಿಗೆ ಸುರುಳಿಯನ್ನು ಗಾಡಿಯಿಂದ ಇಳಿಸಿ ಬಂಗಲೆಯ ಮೆಟ್ಟಿಲ ಮೇಲಿಟ್ಟಳು.

"ಹೊಡೀರಿ ಸಾಬರೇ," ಎಂದಳು.