ಪದ ತುಂಬಿಕೊಂಡ ಪೆಟ್ಟಿಗೆ

ಆಫೀಸಿನ ವರಾಂಡಕ್ಕೆ ಫಿನಾಯಿಲ್ ಹಾಕಿ ಒರೆಸಿದಾಗೆಲ್ಲ ನಾನು ಇವತ್ತಿಗೂ ಎದ್ದು ಹೊರಗೆ ಹೋಗಿಬಿಡುತ್ತೇನೆ.

ನಮ್ಮಜ್ಜಿ ಮತ್ತು ಅವಳ ಇಬ್ಬರು ತಂಗಿಯರದು ಸೋಬಾನೆ ಪದದ ಮೇಳ. ಹೊಸಹಳ್ಳಿ ಸುತ್ತಮುತ್ತಲ ಮದುವೆಗಳಿಗೆಲ್ಲ ಅವರೇ ಬೇಕು, ಆದರೆ ಹಂದರದ ಹೊರಗೆ. ಒಂದು ಮಧ್ಯಾಹ್ನ ಗೌಡರ ಮನೆಯವರು ಹೊಸ ಟೇಪ್ ರೆಕಾರ್ಡರಿನಲ್ಲಿ ಅವರ ಪದ ತುಂಬಿಸಿಕೊಳ್ಳಲು ಕರೆಸಿದರು. ಅಜ್ಜಿಯ ಸೆರಗು ಹಿಡಿದು ನಾನೂ ಹೋದೆ.

ನಮ್ಮನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು. ಬಿಸಿಲಿಗೆ ಕಾದ ಬಂಡೆ ತೊಡೆ ಸುಡುತ್ತಿತ್ತು. ಗೌಡತಿ ಟೇಪಿನ ಪೆಟ್ಟಿಗೆಯನ್ನು ಹೊಸ್ತಿಲ ಒಳಗೇ ಇಟ್ಟುಕೊಂಡಳು. ಅಜ್ಜಿ ಎತ್ತಿದ ಪದವನ್ನು ತಂಗಿಯರು ಹಿಡಿದು ಹಾಡಿದರು. ಮುಗಿದಾಗ ಗೌಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂಥಾ ದನಿ ಕೊಟ್ಟಾನ ಬೇ ದೇವ್ರು ನಿಮಗ" ಅಂದಳು.

ನಾವಿನ್ನೂ ಅಂಗಳ ದಾಟಿರಲಿಲ್ಲ, ಹಿಂದೆ ನೀರು ಸುರಿದ ಸದ್ದಾಯಿತು. ಗೌಡತಿ ಅದೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಾವು ಕೂತಿದ್ದ ಕಟ್ಟೆಗೆ ಫಿನಾಯಿಲ್ ಹಾಕಿ ಉಜ್ಜುತ್ತಿದ್ದಳು. ಒಳಗೆ ಟೇಪಿನಲ್ಲಿ ಅಜ್ಜಿಯ ದನಿ ಮನೆ ತುಂಬ ಕೇಳುತ್ತಿತ್ತು.

"ನಡಿಯಕ್ಕಾ, ಏನ್ ನೋಡ್ತಿ" ಅಂದಳು ಸಣ್ಣಜ್ಜಿ.

"ತಡೀಲೇ" ಅಂದಳು ಅಜ್ಜಿ. "ಆ ಪೆಟ್ಟಿಗಿ ಹೆಂಗ ತೊಳಿತಾಳ ನೋಡಾನ."